ಹಕ್ಕಿಗಿಟ್ಟ ಮೇಣ

ಆಳಂದ

ಆಫ್ರಿಕಾದಿಂದ ವಾಪಸ್ ಬಂದ ಮೇಲೆ ಎಲ್ಲರೂ ನನ್ನನ್ನು ಕೇಳಿದ್ದು ಸಿಂಹದ ಬಗ್ಗೆ. ಸಿಂಹವನ್ನು ನಾನು ನೋಡಲೇ ಇಲ್ಲ. ಆನೆಯ ಲದ್ದಿ ನೋಡಿದೆ, ಆನೆ ನೋಡಲಿಲ್ಲ. ನಾನು ಕೈಕಾಲು ತಣ್ಣಗಾಗುವಷ್ಟು ಹೆದರಿದ್ದು ಒಂದು ಹಕ್ಕಿಗೆ. ನಮ್ಮ ಗೊರವಂಕಕ್ಕಿಂತ ತುಸು ಸಣ್ಣದು. ಮೈಬಣ್ಣ ಒಣ ಮಣ್ಣಿನದು. ನೋಡಿದರೆ ಯಾರೂ ಎರಡನೇ ಸಲ ತಿರುಗಿ ನೋಡದಂಥ ಹಕ್ಕಿ.

ಹೋಗಿದ್ದು ಹಕ್ಕಿ ನೋಡಲಿಕ್ಕೆ ಅಲ್ಲ, ತೊಗರಿ ನೋಡಲಿಕ್ಕೆ. ನಮ್ಮ ಚನ್ನಪ್ಪ ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಆಳಂದದಲ್ಲಿ ಸಣ್ಣದೊಂದು ಬೇಳೆ ಮಿಲ್ ನಡೆಸುತ್ತಾರೆ. ನಮ್ಮ ತೊಗರಿ ತೀರಿದ ಹೊತ್ತಿಗೆ ತಾಂಜಾನಿಯಾದ ತೊಗರಿ ಬರುತ್ತದೆ. ಬೇರೆಯವರು ಫೋಟೋ ನೋಡಿ ಮಾಲು ತರಿಸುತ್ತಾರೆ. ಕಾಕಾ ಹಾಗಲ್ಲ. ಹೊಲದಲ್ಲಿ ನಿಂತು ಕಾಯಿ ಬಿಡಿಸಿ, ಕಾಳನ್ನು ಹಲ್ಲಿನಲ್ಲಿ ಕಟಕ್ಕೆಂದು ಕಚ್ಚದೆ ಅವರಿಗೆ ಸಮಾಧಾನ ಇಲ್ಲ. ಮಿಲ್ಲಿನ ಫೋನು, ಮೇಲ್, ಇಂಗ್ಲಿಷ್ ಪತ್ರ ಎಲ್ಲ ನೋಡಿಕೊಳ್ಳುವವಳು ನಾನು. ಹಾಗಾಗಿ ಜೊತೆಗೆ ನಾನೂ ಹೊರಟೆ.

ನನಗೆ ಪ್ರಾಣಿಗಳ ಹುಚ್ಚು. ಓದಿದ್ದು ಬಿ.ಕಾಂ., ಪ್ರಾಣಿ ಬಗ್ಗೆ ಕಲಿತದ್ದೆಲ್ಲ ಫೋನಿನಲ್ಲಿ ವಿಡಿಯೋ ನೋಡಿ, ಮತ್ತೆ ಮಾದನಹಿಪ್ಪರಗಾದ ನಮ್ಮ ಹೊಲದಲ್ಲಿ ಕುಂತು. ಯಾವ ಹುಳ ಯಾವ ಎಲೆಯ ವೇಷ ಹಾಕುತ್ತದೆ, ಕೋಗಿಲೆ ಯಾವ ಕಾಗೆಗೆ ಮೋಸ ಮಾಡುತ್ತದೆ ಅಂತ ಮನೆಯವರ ತಲೆ ತಿನ್ನುವುದೇ ನನ್ನ ಕೆಲಸ. ತಾಂಜಾನಿಯಾ ಅಂದ ಕೂಡಲೇ ಕಾಕಾ ತೊಗರಿ ಅಂದರು, ನಾನು ಜೇನು ತೋರಿಸುವ ಹಕ್ಕಿ ಅಂದೆ.

ಹೊರಡುವ ದಿನ ಕಾಕು, ಕಾಕಾನ ಹೆಂಡತಿ ನೀಲಮ್ಮ, ಒಂದು ಗಂಟು ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ನನ್ನ ಕೈಗಿಟ್ಟು ಒಂದೇ ಮಾತು ಹೇಳಿದಳು.

"ಭಾಗ್ಯಾ, ಅವ್ರಿಗಿ ಸಕ್ರಿ ಬ್ಯಾನಿ ಅದ, ಮೊಳಕಾಲು ನೋಯ್ತಾವ. ಹ್ಯಾಂಗ ಕರ್ಕೊಂಡ್ ಹೊಂಟೀದಿ, ಹಾಂಗ ಕರ್ಕೊಂಡ್ ಬಾ. ನನಗ ಬ್ಯಾರೆ ಏನೂ ತರಬ್ಯಾಡ್ರಿ."

ಹೀಗೆ ಕಾಕಾ ನನ್ನ ಜವಾಬ್ದಾರಿಯಾದರು. ಅವರೋ, ನಾನು ಅವರ ಜವಾಬ್ದಾರಿ ಅಂದುಕೊಂಡಿದ್ದರು.

ಮಸಾಸಿಯ ದಾರಿ

ದಾರ್ ಎಸ್ ಸಲಾಮ್‌ನಲ್ಲಿ ನಮ್ಮನ್ನು ಕರೆದೊಯ್ಯಲು ಬಂದವನು ಹಮೀಸಿ. ಎತ್ತರದ ಹುಡುಗ, ನಗು ಮುಖ. ಜೀಪು ಅವನದೇ. ಇಂಗ್ಲಿಷಿನಲ್ಲಿ ಹೇಗೆ ಮಾತು ಶುರು ಮಾಡಲಿ ಅಂತ ನಾನು ಒಳಗೊಳಗೇ ಜೋಡಿಸುತ್ತಿದ್ದೆ. ಅವನು ಕಾಕಾನ ಚೀಲ ಎತ್ತಿಕೊಂಡು, "ಭಾರೀ ಹೈ ಚಚಾ, ತುಮೇ ನಕ್ಕೋ ಉಠಾವ್" ಅಂದ. ಭಾರ ಇದೆ, ನೀವು ಎತ್ತಬೇಡಿ ಅಂತ. ಹೈದರಾಬಾದಿನಲ್ಲಿ ಫಾರ್ಮಸಿ ಓದಲು ಇದ್ದನಂತೆ. ಆಳಂದದ ಪೇಟೆಯಲ್ಲಿ ನಾವು ದಿನಾ ಕೇಳುವ, ಆಡುವ ದಖ್ಖನಿ ಉರ್ದು ಅದು. ಇಷ್ಟು ದೂರ ಹಾರಿ ಬಂದು ನಮ್ಮ ಬಜಾರಿನ ಮಾತು ಕೇಳಿಸಿದ ಮೇಲೆ ಕಾಕಾನ ಅರ್ಧ ಭಯ ಹೋಯಿತು. ಅಲ್ಲಿಂದ ಮುಂದೆ ನಮ್ಮ ಮೂವರ ವ್ಯವಹಾರವೆಲ್ಲ ದಖ್ಖನಿಯಲ್ಲೇ.

ಮಸಾಸಿ ಅನ್ನುವ ಊರಿನ ಕಡೆ ದಕ್ಷಿಣಕ್ಕೆ ಹೋದಂತೆ ಮನೆಗಳು ಕಡಿಮೆಯಾದವು. ಕಾಡು ಶುರುವಾಯಿತು. ಕಾಡು ಅಂದರೆ ನಾನು ಕತ್ತಲೆ ಅಂದುಕೊಂಡಿದ್ದೆ. ಇದು ತೆರೆದ ಕಾಡು. ಮರದಿಂದ ಮರಕ್ಕೆ ಜಾಗ, ನಡುವೆ ಆಳೆತ್ತರ ಒಣ ಹುಲ್ಲು, ಎಲ್ಲ ಒಂದೇ ಬಣ್ಣ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಹುಲ್ಲಿನ ಬಣ್ಣದ ಪ್ರಾಣಿ ಹುಲ್ಲಿನಲ್ಲಿ ನಿಂತರೆ ನಮಗೆ ಹೇಗೆ ತಿಳಿಯಬೇಕು? ನಮ್ಮ ಎರೆ ಹೊಲದಲ್ಲಿ ಮೈಲಿ ದೂರದ ತೋಳವೂ ಕಾಣುತ್ತದೆ. ಇಲ್ಲಿ ಎಲ್ಲವೂ ನಮ್ಮನ್ನು ನೋಡುತ್ತಿದೆ, ನಮಗೆ ಏನೂ ಕಾಣುತ್ತಿಲ್ಲ ಅನ್ನಿಸುತ್ತಿತ್ತು.

ಒಂದು ಕಡೆ ದಾರಿ ಪಕ್ಕದ ಮರಕ್ಕೆ ನೀಲಿ, ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಮುಂದಿನ ಮರಕ್ಕೂ ಹಾಗೇ. ಹರಕೆಯ ಬಟ್ಟೆ ಇರಬೇಕು, ಕಾಡಿನ ದೇವರು ಅಂತ ಕಾಕಾ ಜೀಪು ನಿಲ್ಲಿಸಲು ಹೇಳಿ, ಇಳಿದು, ಕೈ ಮುಗಿದರು. ಹಮೀಸಿ ನೋಡುತ್ತಿದ್ದ. ಅವರು ಕಣ್ಣು ಮುಚ್ಚಿ ನಿಂತಷ್ಟು ಹೊತ್ತು ಸುಮ್ಮನಿದ್ದ, ಆಮೇಲೆ ಮೆಲ್ಲಗೆ ಹೇಳಿದ. ಅದು ನೊಣ ಹಿಡಿಯುವ ಬಲೆ. ತ್ಸೆತ್ಸೆ ಅನ್ನುವ ನೊಣ, ರಕ್ತ ಹೀರುತ್ತದೆ, ಕೆಲವು ಸಲ ನಿದ್ದೆಯ ರೋಗ ತರುತ್ತದೆ. ನೀಲಿ ಬಣ್ಣ ಕಂಡರೆ ಅದು ಹುಡುಕಿಕೊಂಡು ಬರುತ್ತದೆ. ಅದಕ್ಕೇ ನೀಲಿ ಬಟ್ಟೆಗೆ ವಿಷ ಹಚ್ಚಿ ತೂಗು ಹಾಕಿದ್ದಾರೆ.

ಕಾಕಾ ತಮ್ಮ ಅಂಗಿ ನೋಡಿಕೊಂಡರು. ಕಾಕು ಇಸ್ತ್ರಿ ಮಾಡಿ ಕೊಟ್ಟ ನೀಲಿ ಅಂಗಿ. ಬೆನ್ನ ಮೇಲೆ ಆಗಲೇ ಎರಡು ನೊಣ ಕುಂತಿದ್ದವು. ಜೀಪಿನೊಳಗೆ ಬಂದು ಅಂಗಿ ಬದಲಿಸಿದರು, ದಾರಿಯುದ್ದಕ್ಕೂ ಆಕಳಿಕೆ ಬಂದಾಗಲೆಲ್ಲ ಬೆದರಿ ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕೆ. ಆದರೆ ಆಕಳಿಕೆ ನನಗೂ ಬರುತ್ತಿತ್ತು.

ಸಾಲೇಹ ಅಜ್ಜನ ಊರು

ನಾವು ಇಳಿದುಕೊಂಡದ್ದು ಸಾಲೇಹ ಅನ್ನುವ ಮುದುಕರ ಮನೆಯಲ್ಲಿ. ತೊಗರಿ ಬೆಳೆಯುತ್ತಾರೆ, ಜೇನು ಕೀಳುತ್ತಾರೆ. ಅವರು ಯಾವೋ ಅನ್ನುವ ಜನ, ಅವರ ನುಡಿಯ ಹೆಸರೂ ಅದೇ, ಹಮೀಸಿಯೂ ಆ ಜನದವನೇ. ಅವನು ಅವರನ್ನು ಹಿರಿಯರೇ ಅನ್ನುವಂತೆ ಮ್ಜೀ ಅಂತ ಕರೆಯುತ್ತಿದ್ದ. ನಾನು ಅಜ್ಜ ಅಂದೆ. ಅದರ ಅರ್ಥ ಹಮೀಸಿಯಿಂದ ಕೇಳಿ ತಿಳಿದು ಅವರೂ ಒಪ್ಪಿಕೊಂಡರು.

ಊರ ಸುತ್ತ ತೊಗರಿ ನೋಡಿದ ಕೂಡಲೇ ಮನೆಗೆ ಬಂದ ಹಾಗಾಯಿತು. ನಮ್ಮಲ್ಲಿ ಗಿಡ ಇನ್ನೂ ಮೊಳಕಾಲುದ್ದ ಇರುವ ಕಾಲ, ಅಲ್ಲಿ ಕಟಾವು ನಡೆದಿತ್ತು. ಹೆಂಗಸರು ಕಣದಲ್ಲಿ ಕೋಲಿನಿಂದ ಬಡಿಯುವುದು, ಹೊಟ್ಟು ತೂರುವುದು ಎಲ್ಲ ನಮ್ಮ ಹಾಗೇ. ಕಾಕಾ ಕಾಳು ಕಚ್ಚಿ, ಅಂಗೈಯಲ್ಲಿ ಉಜ್ಜಿ, ಮೂಸಿ, ಕೊನೆಗೆ ನನ್ನ ಕಿವಿಯಲ್ಲಿ ಮಾಲು ಚೊಲೋ ಅದ ಅಂದರು. ಹೊಳೆಯಾಚೆಯ ಊರಿನ ಕಾಳು ಇನ್ನೂ ದಪ್ಪ ಅಂತ ಅಜ್ಜ ಹೇಳಿದ್ದರಿಂದ, ನಾಳೆ ಅಲ್ಲಿಗೆ ಹೋಗುವುದು ಅಂತಾಯಿತು.

ಅಜ್ಜನ ನಾಯಿಯ ಹೆಸರು ಪಿಲಿಪಿಲಿ. ಆ ದೇಶದ ಮಾತಿನಲ್ಲಿ ಮೆಣಸಿನಕಾಯಿ. ಕೆಂಪು, ತೆಳ್ಳಗೆ, ಒಂದು ಕಡೆ ನಿಲ್ಲದ ನಾಯಿ. ಕಾಕಾನ ರೊಟ್ಟಿಯ ವಾಸನೆ ಹಿಡಿದು ಅದು ಅವರ ಹಿಂದೆಯೇ ಇತ್ತು.

ಜೇನಿನ ಮರ

ಅದೇ ಮಧ್ಯಾಹ್ನ ನನ್ನ ಕಾಟ ತಾಳಲಾರದೆ ಅಜ್ಜ ನಮ್ಮನ್ನು ಕಾಡಿಗೆ ಕರೆದೊಯ್ದರು. ನಡೆಯುತ್ತಾ ಗಂಟಲಿನಿಂದ ಒಂದು ಕೂಗು ಹಾಕುತ್ತಿದ್ದರು. ಮೊದಲು ನಾಲಿಗೆಯ ಮೇಲೆ ಉರುಳುವ ಬ್ರ್ರ್ರ್, ಆಮೇಲೆ ಮೂಗಿನಲ್ಲಿ ಒಂದು ಹುಂ. ನಮ್ಮವರು ಎತ್ತಿಗೆ ಹಾಕುವ ಕೂಗಿನ ಹಾಗೆ. ಆದರೆ ಇಲ್ಲಿ ಕರೆಯುತ್ತಿದ್ದದ್ದು ಸಾಕಿದ್ದನ್ನಲ್ಲ. ಈ ಹಕ್ಕಿಯನ್ನು ಯಾರೂ ಪಂಜರದಲ್ಲಿಟ್ಟಿಲ್ಲ, ಮರಿಯಿಂದ ಕಲಿಸಿಲ್ಲ. ಕಾಡಿನದು ಕಾಡಿನಲ್ಲೇ ಇದ್ದುಕೊಂಡು ಮನುಷ್ಯನ ಕೂಗಿಗೆ ಓಗೊಡುತ್ತದೆ.

ಬಂತು. ಕಡ್ಡಿಪೆಟ್ಟಿಗೆ ಅಲ್ಲಾಡಿಸಿದ ಹಾಗೆ ಗಿಟಗಿಟ ಸದ್ದು. ಕೊಂಬೆಯ ಮೇಲೆ ಕುಂತು ನಮ್ಮನ್ನು ನೋಡಿತು, ಬಾಲದ ಅಂಚಿನ ಬಿಳಿ ಬಿಚ್ಚಿ ತೋರಿಸಿ ಮುಂದಿನ ಮರಕ್ಕೆ ಹಾರಿತು. ನಾವು ಬರುವ ತನಕ ಕಾದು ಮತ್ತೆ ಮುಂದಿನ ಮರಕ್ಕೆ. ನಿಧಾನ ಮಾಡಿದರೆ ತಿರುಗಿ ಬಂದು ಬೈಯುತ್ತಿತ್ತು. ನನಗೆ ಸಂತೋಷದಿಂದ ಅಳು ಬಂತು. ಫೋನಿನಲ್ಲಿ ಎಷ್ಟು ಸಲ ನೋಡಿದ್ದೆನೋ, ಈಗ ಅದು ನನ್ನನ್ನೇ ಕರೆಯುತ್ತಿತ್ತು.

ಬಾಯಿಗೆ ಬಂದದ್ದೆಲ್ಲ ಕಾಕಾಗೆ ಹೇಳುತ್ತಾ ನಡೆದೆ. ಜೇನು ಎಲ್ಲಿದೆ ಅಂತ ಹಕ್ಕಿಗೆ ಗೊತ್ತು, ಆದರೆ ಮರ ಸೀಳಲು, ಹೊಗೆ ಹಾಕಲು ಅದಕ್ಕೆ ಬರುವುದಿಲ್ಲ. ನಮಗೆ ಬೇಕಾದದ್ದು ಜೇನುತುಪ್ಪ, ಅದಕ್ಕೆ ಬೇಕಾದದ್ದು ಮೇಣ. ಬೇರೆ ಹಕ್ಕಿಗಳಿಗೆ ಮೇಣ ಜೀರ್ಣವಾಗುವುದೇ ಕಷ್ಟ, ಇದಕ್ಕೆ ಅದೇ ಊಟ. ಕೋಗಿಲೆಯಂತೆ ಇದೂ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಮರಿಗೆ ಹುಟ್ಟುವಾಗಲೇ ಕೊಕ್ಕಿನ ತುದಿಯಲ್ಲಿ ಕೊಕ್ಕೆ ಇರುತ್ತದೆ. ಕಣ್ಣು ಇನ್ನೂ ಬಿಟ್ಟಿರುವುದಿಲ್ಲ. ಪೊಟರೆಯ ಕತ್ತಲೆಯಲ್ಲೇ ಆ ಗೂಡಿನ ಮರಿಗಳನ್ನು ಕಚ್ಚಿ ಕಚ್ಚಿ ಕೊಲ್ಲುತ್ತದೆ.

ಕಾಕಾ ನಿಂತುಬಿಟ್ಟರು. ಕಣ್ಣು ಬಿಡುವ ಮೊದಲೇ ಕೊಲೆ ಮಾಡಿದ್ದರ ಹಿಂದೆ ನಾವು ಹೊಂಟೇವೇನು ಅಂತ ಕೇಳಿದರು. ನಾನು ನಗುತ್ತಾ ಹೌದ್ರಿ ಅಂದೆ.

ಮರ ಸಿಕ್ಕಿತು. ಅಜ್ಜ ಹಸಿ ಸೊಪ್ಪಿನ ಹೊಗೆ ಹಾಕಿ, ಕೊಡಲಿಯಿಂದ ಪೊಟರೆ ಅಗಲ ಮಾಡಿ, ಕೈ ತೂರಿಸಿ ಜೇನುಹುಟ್ಟು ತೆಗೆದರು. ಅಲ್ಲಿನ ಜೇನು ನಮ್ಮ ತುಡುವೆಯಂತೆ ಸಾಧುವಲ್ಲ. ಹಮೀಸಿಯ ಕಿವಿ ಊದಿ ಹಪ್ಪಳವಾಯಿತು. ಕಾಕಾ ಹೊಗೆಗೆ ಕೆಮ್ಮುತ್ತಾ ದೂರ ಹೋಗಿ ಒಂದು ಮರದ ಹಿಂದೆ ಮರೆಯಾದರು.

ಅವರು ಅಲ್ಲಿದ್ದಾಗಲೇ ಅಜ್ಜ ಹಸಿರೆಲೆ ಕಿತ್ತು ನೆಲದ ಮೇಲೆ ಹಾಸಿ, ಬಿಳಿ ಮೇಣದ ಒಂದು ದೊಡ್ಡ ಹಿಡಿಯನ್ನು ಅದರ ಮೇಲೆ ಇಟ್ಟದ್ದು. ಇದು ಹಕ್ಕಿಯ ಪಾಲು, ಕೊಡದೆ ಯಾರೂ ಇಲ್ಲಿಂದ ಹೋಗುವುದಿಲ್ಲ ಅಂತ ಹಮೀಸಿ ನನಗೆ ಹೇಳಿದ. ನಾನು ಫೋಟೋ ತೆಗೆದೆ. ಕಾಕಾ ಬರುತ್ತಾರೆ ಅಂದುಕೊಂಡು ನಾವು ಮುಂದೆ ನಡೆದೆವು. ಸ್ವಲ್ಪ ಹೊತ್ತಿಗೆ ಬಂದು ಕೂಡಿಕೊಂಡರು.

ಈಗ ಕಾಕಾನ ಒಂದು ಅಭ್ಯಾಸ ಹೇಳಬೇಕು. ಅವರು ಊಟದ ತಾಟಿನಲ್ಲಿ ಒಂದು ಅಗುಳು ಬಿಡುವುದಿಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ನಮ್ಮ ಲಿಂಗಾಯತ ಮನೆಗಳಲ್ಲಿ ಹಿರಿಯರು ಹಾಗೇ. ಮುಂದೆ ಬಂದದ್ದು ಪ್ರಸಾದ, ಚೆಲ್ಲಬಾರದು. ವಿಮಾನದಲ್ಲೂ ಪ್ಲಾಸ್ಟಿಕ್ ತಟ್ಟೆ ತೊಳೆದು ಕುಡಿದು ಪಕ್ಕದವರನ್ನು ಗಾಬರಿಗೊಳಿಸಿದ್ದರು.

ಆ ರಾತ್ರಿ ಅಂಗಳದಲ್ಲಿ ಊಟಕ್ಕೆ ಕುಂತಾಗ ಅಜ್ಜ ತಮ್ಮ ಅಣ್ಣನ ಕಥೆ ಹೇಳಿದರು. ಹಮೀಸಿ ತುಂಡು ತುಂಡಾಗಿ ನಮಗೆ ದಾಟಿಸಿದ. ಅಣ್ಣ ಒಂದು ಸಲ ಮೇಣವನ್ನೆಲ್ಲ ಪೇಟೆಗೆ ಒಯ್ದ. ಮುಂದಿನ ಸಲ ಹಕ್ಕಿ ಕರೆದಾಗ ಹಿಂದೆ ಹೋದ. ಪಾಲು ಸಿಗದ ಹಕ್ಕಿ ಜೇನಿನ ಹತ್ತಿರ ಒಯ್ಯುವುದಿಲ್ಲ, ಸಿಂಹ ಇಲ್ಲವೇ ಹಾವು ಇರುವಲ್ಲಿಗೆ ಒಯ್ಯುತ್ತದೆ. ಅಣ್ಣನ ಕೊಡಲಿ ಮಾತ್ರ ಸಿಕ್ಕಿತು.

ಕಾಡಿನ ಕಡೆಯಿಂದ ಮಗು ಅತ್ತಂತೆ ಒಂದು ಕೂಗು ಬಂತು. ಅದು ದೊಡ್ಡ ಕಣ್ಣಿನ ಒಂದು ಸಣ್ಣ ಪ್ರಾಣಿ, ನಮ್ಮ ಕಾಡುಪಾಪದ ನೆಂಟ, ಹೆದರಬೇಕಾದ್ದಿಲ್ಲ ಅಂತ ನಾನು ಕಾಕಾಗೆ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ತಾಟಿನಲ್ಲಿ ಅರ್ಧ ಊಟ ಹಾಗೇ ಇತ್ತು. ಎದ್ದು ಕೈ ತೊಳೆದರು. ನನ್ನ ಬುದ್ಧಿಗೆ ಹೊಳೆದದ್ದು ಸಕ್ಕರೆ ಕಾಯಿಲೆ ಒಂದೇ. ಗುಳಿಗೆ ಕೊಟ್ಟೆ.

ಬತ್ತಿದ ಹೊಳೆ

ಬೆಳಗ್ಗೆ ಎದ್ದಾಗ ಪಿಲಿಪಿಲಿಯ ಕೊರಳಿಗೆ ಹಗ್ಗ ಬಿದ್ದಿತ್ತು. ಅಜ್ಜ ನಸುಕಿನಲ್ಲೇ ಕಾಡಿಗೆ ಹೋಗಿ ಎಲೆ ನೋಡಿ ಬಂದಿದ್ದರು. ಹಕ್ಕಿ ತಿಂದರೆ ಚೂರು ಬೀಳುತ್ತದೆ, ಇಲ್ಲಿ ಒಂದು ಚೂರೂ ಇರಲಿಲ್ಲ, ಮೇಣ ಇಡಿಯಾಗಿ ಹೋಗಿತ್ತು. ನಾಯಿಯದೇ ಕೆಲಸ ಅಂತ ಅವರಿಗೆ ಖಾತ್ರಿ. ಎರಡು ಏಟೂ ಬಿದ್ದಿದ್ದವು. ಪಿಲಿಪಿಲಿ ಬಾಲ ಮಡಚಿ ಕುಂತಿತ್ತು. ಕಾಕಾ ಮುಖ ಬೇರೆ ಕಡೆ ತಿರುಗಿಸಿ ಬೂಟು ಹುಡುಕುತ್ತಿದ್ದರು. ಆಮೇಲೆ ಬೂಟು ಬೇಡ ಅಂದು ಚಪ್ಪಲಿ ಮೆಟ್ಟಿದರು.

ಹೊಳೆ ಬತ್ತಿ ಬರೀ ಉಸುಕಾಗಿತ್ತು. ಬೇಸಿಗೆಯಲ್ಲಿ ಅಫಜಲಪುರದ ಕಡೆ ನಮ್ಮ ಭೀಮೆಯೂ ಹೀಗೇ ಕಾಣುತ್ತಾಳೆ. ಆ ನೆನಪಿನಲ್ಲಿ ಕಾಕಾ ಸೀದಾ ಹೊಡಿ, ಗಟ್ಟಿ ಅದ ಅಂದರು. ಜೀಪಿನ ಗಾಲಿಗಳು ಅರ್ಧ ಹೂತುಹೋದವು. ಎಷ್ಟು ತಳ್ಳಿದರೂ ಇನ್ನೂ ಆಳಕ್ಕಿಳಿಯಿತು. ಆಚೆ ಊರಿನಿಂದ ಟ್ರ್ಯಾಕ್ಟರ್ ತರಬೇಕು, ಊರು ದೂರವಿಲ್ಲ, ನಡೆಯೋಣ ಅಂದ ಹಮೀಸಿ.

ಕಾಲುದಾರಿ ಕಾಡಿನೊಳಗೆ ಹೋಗುತ್ತಿತ್ತು. ಮುಂದೆ ಅಜ್ಜ, ಅವರ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ನಾಯಿ. ನಂತರ ಕಾಕಾ, ನಾನು, ಕೊನೆಗೆ ಹಮೀಸಿ. ಹಗ್ಗದಲ್ಲಿದ್ದೂ ಪಿಲಿಪಿಲಿ ಪದೇಪದೇ ಹಿಂದೆ ಜಗ್ಗಿ ಕಾಕಾನ ಕಾಲು ನೆಕ್ಕಲು ನೋಡುತ್ತಿತ್ತು. ಕಾಕಾ ಕಾಲು ಎಳೆದುಕೊಳ್ಳುತ್ತಿದ್ದರು. ರೊಟ್ಟಿ ಚೀಲದಲ್ಲಿರುವಾಗ ಇದು ಕಾಲು ಯಾಕೆ ನೆಕ್ಕುತ್ತದೆ ಅಂತ ನಾನು ಯೋಚಿಸುತ್ತಿದ್ದಾಗಲೇ ತಲೆ ಮೇಲೆ ಆ ಸದ್ದು ಬಂತು. ಗಿಟಗಿಟ, ಗಿಟಗಿಟ.

ಯಾರೂ ಅದನ್ನು ಕರೆದಿರಲಿಲ್ಲ. ಅಜ್ಜ ನಿಂತರು. ತಲೆ ಎತ್ತಲಿಲ್ಲ. ಹಮೀಸಿಗೆ ಏನೋ ಹೇಳಿ ಬೇಗ ಬೇಗ ನಡೆಯತೊಡಗಿದರು. ಇವತ್ತು ಅದರ ಮಾತು ಕೇಳುವುದು ಬೇಡ, ನಮ್ಮ ದಾರಿ ನಮಗೆ ಅಂದಿದ್ದರು. ಆದರೆ ದಾರಿ ಇದ್ದದ್ದು ಒಂದೇ. ಹಕ್ಕಿ ಹಾರಿ ಕುಂತದ್ದು ಅದೇ ದಾರಿಯ ಮೇಲಿನ ಕೊಂಬೆಯಲ್ಲಿ. ನಾವು ಹತ್ತಿರ ಬಂದೆವು, ಅದು ಮುಂದಿನ ಮರಕ್ಕೆ ಹೋಯಿತು. ಮತ್ತೆ ಅದೇ ದಾರಿ. ನಾವು ಅದರ ಹಿಂದೆ ಹೋಗುತ್ತಿರಲಿಲ್ಲ, ಆದರೂ ಅದರ ಹಿಂದೆಯೇ ಹೋಗುತ್ತಿದ್ದೆವು.

ಕಾಕಾ ನನ್ನ ಕೈ ಹಿಡಿದುಕೊಂಡರು.

"ಭಾಗ್ಯವ್ವ, ಮೇಣ ನಾಯಿ ತಿಂದಿಲ್ಲ. ನಾ ತಗೊಂಡೇನಿ."

ಕನ್ನಡ ಉಳಿದಿಬ್ಬರಿಗೆ ಬರದಿದ್ದರೂ ಪಿಸುಮಾತಿನಲ್ಲೇ ಹೇಳಿದರು. ಮರದ ಹಿಂದಿನಿಂದ ಬಂದಾಗ ಎಲೆಯ ಮೇಲೆ ಬೆಳ್ಳಗಿನ ಮೇಣ ಕಂಡಿತಂತೆ. ತುಪ್ಪ ಹಿಂಡಿಕೊಂಡು ಉಳಿದದ್ದು ಬಿಟ್ಟು ಹೋಗ್ಯಾರ, ಇಂಥಾ ಚೊಲೋ ಮೇಣ ಹಾಳಾಗುತ್ತದೆ ಅಂತ ರೊಟ್ಟಿಯ ಅರಿವೆಯಲ್ಲಿ ಕಟ್ಟಿಕೊಂಡರು. ನೆನಪಾದದ್ದು ಕಾಕುನ ಹಿಮ್ಮಡಿ. ಬೇಸಿಗೆಯಲ್ಲಿ ಎರೆ ಹೊಲ ಬಿರಿದಂತೆ ಅವಳ ಹಿಮ್ಮಡಿ ಬಿರಿಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಮೇಣ ಕರಗಿಸಿ ಹಚ್ಚಿದರೆ ಕೂಡುತ್ತದೆ. ಅವಳು ಏನೂ ತರಬೇಡಿ ಅಂದಿದ್ದಳಲ್ಲ, ಅದಕ್ಕೇ ಇದನ್ನು ಒಯ್ಯುವ ಆಸೆ. ಸಂಜೆ ನಾನು ಸ್ನಾನಕ್ಕೆ ಹೋದಾಗ ತಮ್ಮ ಸ್ಟೀಲ್ ಡಬ್ಬಿಯಲ್ಲಿ ಎಣ್ಣೆ ಹಾಕಿ ಒಲೆಯ ಕೆಂಡದ ಮೇಲೆ ಕರಗಿಸಿದರು. ಹೇಗಾಗಿದೆ ನೋಡೋಣ ಅಂತ ತಮ್ಮ ಹಿಮ್ಮಡಿಗೂ ಹಚ್ಚಿದರು. ಆಮೇಲೆ ಊಟಕ್ಕೆ ಕುಂತರು. ಆಮೇಲೆ ಅಜ್ಜ ಅಣ್ಣನ ಕಥೆ ಹೇಳಿದರು.

"ತಿರುಗಿ ಕೊಡೂಣು ಅಂದ್ರ ಡಬ್ಬಿ ಜೀಪಿನ್ಯಾಗ ಉಳೀತು. ಉಳಿದದ್ದು ನನ್ನ ಕಾಲಿಗೇ ಅದ."

ನಾನು ಧೈರ್ಯ ಹೇಳಿದೆ. ಹಕ್ಕಿಗೆ ಲೆಕ್ಕ ಇಡಲು ಬರುವುದಿಲ್ಲ, ಯಾರು ತೆಗೆದುಕೊಂಡರು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಮನುಷ್ಯರನ್ನು ಕಂಡರೆ ಜೇನು ತೋರಿಸುವುದು ಅದರ ಹುಟ್ಟುಗುಣ, ಸೇಡು ಗೀಡು ಎಲ್ಲ ಸುಳ್ಳು ಅಂದೆ. ನನ್ನ ದನಿ ನನಗೇ ಯಾರೋ ವಿಡಿಯೋದಲ್ಲಿ ಮಾತಾಡುತ್ತಿರುವಂತೆ ಕೇಳಿಸಿತು. ಎರಡೂ ಕಡೆ ಹುಲ್ಲು ಆಳೆತ್ತರ ಇತ್ತು. ಗಾಳಿ ಇರಲಿಲ್ಲ, ಆದರೂ ಒಂದು ಕಡೆ ಹುಲ್ಲು ಅಲ್ಲಾಡಿ ನಿಂತಿತು. ನಾನು ನೆಲದ ಕಡೆ ನೋಡತೊಡಗಿದೆ. ಸಿಂಹ ಹಾದು ಹೋಗಿದ್ದರೆ ಹೆಜ್ಜೆ ಇರುತ್ತದೆ ಅಂತ. ಸತ್ಯ ಹೇಳಬೇಕೆಂದರೆ ಮೇಲೆ ನೋಡುವ ಧೈರ್ಯವೂ ಇರಲಿಲ್ಲ. ಹಕ್ಕಿ ನನ್ನನ್ನು ನೋಡುತ್ತಿದ್ದರೆ ಏನು ಮಾಡುವುದು?

ಕಾಕಾ ಮೇಲೇ ನೋಡುತ್ತಿದ್ದರು. ಅದು ಮರ ಬದಲಿಸಿದಾಗಲೆಲ್ಲ ಅವರ ಮುಖವೂ ಅತ್ತ ತಿರುಗುತ್ತಿತ್ತು. ಮೆಲ್ಲಗೆ ಅದರ ಜೊತೆ ಮಾತಾಡುತ್ತಿದ್ದರು, ಮನೆಯ ಹೆಣ್ಣುಮಗಳನ್ನು ರಮಿಸುವ ಹಾಗೆ.

"ತಪ್ಪಾತವ್ವ. ಗೊತ್ತಿರಲಿಲ್ಲ ನನಗ. ಡಬ್ಬಿ ತಂದು ಕೊಡ್ತೇನಿ. ಈಗ ಹೋಗವ್ವ ನೀ."

ಹಕ್ಕಿ ಹೋಗಲಿಲ್ಲ. ದಾರಿಯಲ್ಲಿ ಬಿಸಿಲು ಬೀಳುತ್ತಿದ್ದ ಒಂದು ತಾವಿನಲ್ಲಿ ಒಣ ಎಲೆ ಬಿದ್ದಿದ್ದವು. ಅಜ್ಜ ಅದರ ಅಂಚಿನಲ್ಲಿ ದಾಟಿದರು. ನಾಯಿ ಮೂಗು ನೆಲಕ್ಕೆ ಹಚ್ಚಿಕೊಂಡೇ ಅದರ ಪಕ್ಕ ದಾಟಿತು, ಹಿಂದೆ ಜಗ್ಗಿ ಮತ್ತೊಮ್ಮೆ ಅದರ ಪಕ್ಕವೇ ಬಂದು ಹೋಯಿತು. ನಾನು ಎಲೆಗಳನ್ನು ನೋಡುತ್ತಿದ್ದೆ. ಒಣ ಎಲೆ ಬಿದ್ದರೆ ಹೇಗೆ ಬೇಕೋ ಹಾಗೆ ಬೀಳುತ್ತದೆ. ಇಲ್ಲಿ ನಡುವೆ ಒಂದು ಕಡೆ ಎಲೆಗಳು ಸಾಲಾಗಿ ಬಿದ್ದಿದ್ದವು. ಒಂದರ ಹಿಂದೆ ಒಂದು, ಒಂದೇ ಅಳತೆಯ ಮೊನೆ. ಕಾಕುನ ಇಳಕಲ್ ಸೀರೆಯ ಸೆರಗಿನಲ್ಲಿ ಬಿಳಿ ತೆನೆ ಇರುತ್ತದಲ್ಲ, ಹಾಗೆ. ಇಲ್ಲಿ ಯಾರು ಸೀರೆ ಬಿಟ್ಟು ಹೋದರು ಅಂತ ಒಂದು ಗಳಿಗೆ ಅನ್ನಿಸಿತು. ಆಮೇಲೆ ಆ ಸೆರಗು ಉಸಿರಾಡಿತು.

"ಕಾಕಾ, ಕಾಲು ಇಡಬ್ಯಾಡ್ರಿ."

ಕೂಗಲಿಲ್ಲ, ಪಿಸುಗುಟ್ಟಿದೆ. ಆದರೂ ಅವರು ಕೇಳಿಸಿಕೊಂಡರು. ಬಲಗಾಲು ಗಾಳಿಯಲ್ಲಿತ್ತು. ಹಾಗೇ ನಿಂತರು. ಚಪ್ಪಲಿಯಿಂದ ಹಿಮ್ಮಡಿ ಹೊರಗೆ ಕಾಣುತ್ತಿತ್ತು, ಬಿರುಕುಗಳಲ್ಲಿ ಮೇಣ ತುಂಬಿ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಅದರ ಕೆಳಗೆ, ಒಂದು ಗೇಣಿನ ಅಂತರದಲ್ಲಿ, ನನ್ನ ತೋಳಿನಷ್ಟು ದಪ್ಪದ ಹಾವು.

ಉಸಿರು ತುಂಬಿಕೊಂಡು ಬುಸುಗುಡುವ ಆ ಹಾವನ್ನು ವಿಡಿಯೋದಲ್ಲಿ ನೋಡಿದ್ದೆ. ನಮ್ಮ ಕೊಳಕುಮಂಡಲದ ಆಫ್ರಿಕಾದ ಬಳಗ. ಬೇರೆ ಹಾವು ಹೆಜ್ಜೆಯ ಸದ್ದಿಗೆ ಸರಿದು ಹೋಗುತ್ತದೆ. ಇದು ಸರಿಯುವುದಿಲ್ಲ. ತಾನು ಕಾಣುವುದಿಲ್ಲ ಅನ್ನುವುದೇ ಅದರ ಬಲ, ತುಳಿಯುವ ತನಕ ಅಲ್ಲಾಡುವುದಿಲ್ಲ. ಅದರ ಮೈವಾಸನೆ ಕೂಡ ನಾಯಿಗೆ ಸಿಗುವುದಿಲ್ಲವಂತೆ. ಇದನ್ನೆಲ್ಲ ನಾನು ಮನೆಯಲ್ಲಿ ಎಷ್ಟು ಹುರುಪಿನಿಂದ ಹೇಳಿದ್ದೆ. ಅಲ್ಲಿದೆ ಅಂತ ಗೊತ್ತಿದ್ದೂ, ಒಮ್ಮೆ ರೆಪ್ಪೆ ಬಡಿದರೆ ಅದು ಮತ್ತೆ ಎಲೆಯಾಗುತ್ತಿತ್ತು.

ಕಾಕಾನ ಎಡ ಮೊಳಕಾಲು ನಡುಗತೊಡಗಿತು. ನೋವಿರುವ ಕಾಲು ಅದೇ. ಏನದ, ಏನದವ್ವ ಅಂತ ತುಟಿಯಲ್ಲಷ್ಟೇ ಕೇಳಿದರು, ಮುಖ ಇನ್ನೂ ಮೇಲೆಯೇ ಇತ್ತು. ಕೆಳಗೆ ನೋಡಿದರೆ ಬೀಳುತ್ತಾರೆ ಅಂತ ನಾನು ಏನೂ ಇಲ್ಲ, ಹಕ್ಕಿ ನೋಡ್ರಿ, ಹಕ್ಕಿನೇ ನೋಡ್ರಿ ಅಂದೆ. ಅವರ ಅಂಗಿ ಹಿಡಿದೆ. ಅಂಗಿಯಲ್ಲಿ ಏನು ಬಲ ಇರುತ್ತದೆ? ಕಾಕುನ ಮಾತು ಕಿವಿಯಲ್ಲಿ ಬಡಿಯುತ್ತಿತ್ತು. ಹಿಂದಿನಿಂದ ಹಮೀಸಿ ಬಂದ. ನನ್ನನ್ನು ಮೊಳಕೈಯಿಂದ ಪಕ್ಕಕ್ಕೆ ಸರಿಸಿ, ಕಾಕಾನ ಎರಡೂ ಕಂಕುಳಿಗೆ ಕೈ ಹಾಕಿ, ಕಾಳಿನ ಚೀಲ ಎತ್ತುವಂತೆ ನೇರಕ್ಕೆ ಮೇಲೆತ್ತಿ ಹಿಂದಕ್ಕೆ ಇಟ್ಟ.

ಆಗ ಅದು ಬುಸ್ ಅಂತು. ಲಾರಿಯ ಗಾಲಿಯ ಗಾಳಿ ಬಿಟ್ಟಂಥ ಸದ್ದು. ಜಾಗ ಮಾತ್ರ ಬಿಡಲಿಲ್ಲ.

ಹಾವನ್ನು ಯಾರೂ ಮುಟ್ಟಲಿಲ್ಲ. ದೂರದಿಂದ ಸುತ್ತು ಹಾಕಿ ಅಜ್ಜ ಇದ್ದ ಕಡೆ ಹೋದೆವು. ಕಾಕಾ ನೆಲದ ಮೇಲೆ ಕುಸಿದು ಕುಂತರು. ಯಾರೂ ಕೇಳದಿದ್ದರೂ ಅಜ್ಜನ ಮುಂದೆ ಕೈ ಮುಗಿದು, ಎರಡೂ ಕಾಲು ಚಾಚಿ ಹಿಮ್ಮಡಿ ತೋರಿಸಿದರು. ದಖ್ಖನಿಯಲ್ಲಿ ಎಲ್ಲ ಹೇಳಿದರು. ಹಮೀಸಿ ಯಾವೋ ನುಡಿಯಲ್ಲಿ ಹೇಳಿದ. ಹೇಳಿ ಮುಗಿಸುವಾಗ ಅವನಿಗೂ ಹೆದರಿಕೆ, ಅಜ್ಜ ಏನನ್ನುತ್ತಾರೋ ಅಂತ.

ಅಜ್ಜ ಕಾಕಾನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಹಿಮ್ಮಡಿ ಉಜ್ಜಿ ನೋಡಿದರು. ನನ್ನ ಹೆಂಡತಿಯೂ ಇದನ್ನೇ ಹಚ್ಚಿಕೊಳ್ಳುತ್ತಾಳೆ, ಆದರೆ ನಮ್ಮ ಪಾಲಿನದು ಅಂದರು. ಎದ್ದು ಹೋಗಿ ಪಿಲಿಪಿಲಿಯ ಕೊರಳಿನ ಹಗ್ಗ ಬಿಚ್ಚಿದರು.

ಆಚೆಯ ಊರು

ಆಚೆ ಊರಿನ ತೊಗರಿ ನಿಜಕ್ಕೂ ದಪ್ಪ ಕಾಳು. ಕಾಕಾ ಕಚ್ಚಿ ನೋಡಲೇ ಇಲ್ಲ, ನನ್ನ ಕೈಗೆ ಕೊಟ್ಟು ನೀನೇ ನೋಡು ಅಂದರು. ಟ್ರ್ಯಾಕ್ಟರ್ ಮೇಲೆ ಹೊಳೆಗೆ ವಾಪಸ್ ಹೋದೆವು. ಜೀಪು ಎಳೆಸಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಡಬ್ಬಿ ತೆಗೆದದ್ದು. ಅಜ್ಜನನ್ನೂ ನಮ್ಮಿಬ್ಬರನ್ನೂ ಕರೆದುಕೊಂಡು ಜೇನಿನ ಮರದ ತನಕ ನಡೆದರು. ಈ ಸಲ ಹೆಜ್ಜೆ ಹೆಜ್ಜೆಗೂ ಕೋಲಿನಿಂದ ನೆಲ ಬಡಿಯುತ್ತಾ.

ಹಸಿ ಎಲೆ ಹಾಸಿ, ಹೆಪ್ಪುಗಟ್ಟಿದ ಮೇಣವನ್ನು ಚಮಚದಿಂದ ಕೆರೆದು ಹಾಕಿದರು. ಡಬ್ಬಿಯ ಗೋಡೆಗೆ ಅಂಟಿದ್ದನ್ನು ಬೆರಳಿನಿಂದ ಬಳಿದು ಹಾಕಿದರು. ತಾಟು ತೊಳೆಯುವಾಗ ಅವರು ಎಷ್ಟು ಮನಸ್ಸಿಟ್ಟು ಮಾಡುತ್ತಾರೋ ಅಷ್ಟೇ ಮನಸ್ಸಿಟ್ಟು. ಎಣ್ಣೆ ಬೆರೆತ ಮೇಣ ಹಕ್ಕಿ ತಿನ್ನುತ್ತದೆಯೇ ಅಂತ ಕೇಳಿದೆ. ಅಜ್ಜನಿಗೂ ಗೊತ್ತಿರಲಿಲ್ಲ. ಕಾಯುತ್ತಾ ಕೂಡುವುದು ಸಲ್ಲ, ಕೊಟ್ಟು ಹೋಗಬೇಕು ಅಂದರು. ತಿಂದಿತೋ ಇಲ್ಲವೋ ನಮಗೆ ಇವತ್ತಿಗೂ ತಿಳಿದಿಲ್ಲ.

ಆ ಹಕ್ಕಿ ನಮ್ಮನ್ನು ಹಾವಿನ ಹತ್ತಿರ ಒಯ್ದಿತೇ? ಊರಿಗೆ ಬಂದ ಮೇಲೆ ಇದನ್ನೇ ತಲೆಯಲ್ಲಿ ಹೊರಳಿಸಿದ್ದೇನೆ. ಒಯ್ಯಲಿಲ್ಲ ಅಂತಲೇ ನನ್ನ ನಂಬಿಕೆ. ಹಾವು ಬಿಸಿಲು ಕಾಯಲು ದಾರಿಗೆ ಬಂದಿತ್ತು, ಹಕ್ಕಿಗೆ ಮುಂದೆಲ್ಲೋ ಜೇನು ಕಂಡಿರಬೇಕು. ಆದರೆ ಪಾಲು ಕದ್ದವನು ಹಕ್ಕಿಗೆ ಹೆದರುತ್ತಾನೆ. ಹೆದರಿದವನು ಮೇಲೆ ನೋಡುತ್ತಾ ನಡೆಯುತ್ತಾನೆ. ಮೇಲೆ ನೋಡುತ್ತಾ ನಡೆಯುವವನಿಗೆ ಆ ಕಾಡಿನಲ್ಲಿ ಏನು ಬೇಕಾದರೂ ಆಗಬಹುದು. ಅಜ್ಜನ ಅಣ್ಣನೂ ಹಾಗೇ ನಡೆದಿರಬಹುದು. ಇದನ್ನು ಯಾವ ವಿಡಿಯೋದಲ್ಲೂ ನಾನು ಕೇಳಿರಲಿಲ್ಲ.

ಮಾದನಹಿಪ್ಪರಗಾ

ಕಾಕಾನನ್ನು ಒಯ್ದ ಹಾಗೇ ಕಾಕುಗೆ ಒಪ್ಪಿಸಿದೆ. ಹಾವಿನ ಮಾತು ಅವಳಿಗೆ ಹೇಳಿದ್ದು ಎಷ್ಟೋ ದಿನದ ಮೇಲೆ, ಅದೂ ಕಾಕಾನೇ. ಅವಳು ಅವರ ಎರಡೂ ಪಾ‌ದ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಎಲ್ಲರೂ ಹೊಲಕ್ಕೆ ಹೋದೆವು. ಅವತ್ತು ನಮ್ಮ ಕಡೆ ಚರಗ ಚೆಲ್ಲುತ್ತಾರೆ. ಸಜ್ಜಿ ಕಡುಬು, ಭಜ್ಜಿ, ಅನ್ನ ಎಲ್ಲ ಕಲಸಿ ಹೊಲದ ಸುತ್ತ ಎರಚಿ ಬರುವುದು, ನೆಲಕ್ಕೆ, ಹಕ್ಕಿಗೆ, ಹುಳಕ್ಕೆ. ಪ್ರತಿ ವರ್ಷ ಚೆಲ್ಲುವವರು ಕಾಕಾನೇ. ತಾಟಿನಲ್ಲಿ ಅಗುಳು ಬಿಡದ ಮನುಷ್ಯ ಅವತ್ತು ಬುಟ್ಟಿ ಬುಟ್ಟಿ ಎರಚುತ್ತಾರೆ. ಇಷ್ಟು ವರ್ಷ ನೋಡಿದ್ದರೂ ಅದರಲ್ಲಿ ವಿಚಿತ್ರ ಏನೂ ನನಗೆ ಕಂಡಿರಲಿಲ್ಲ.

ಈ ಸಲ ಅವರು ಬರಿಗಾಲಿನಲ್ಲಿ ಮುಂದೆ, ನಾನು ನೀರಿನ ತಂಬಿಗೆ ಹಿಡಿದು ಹಿಂದೆ. ತೊಗರಿ ಎದೆಯುದ್ದ ಬೆಳೆದು ಕಾಯಿ ಕಟ್ಟಿತ್ತು. ಕಾಕಾನ ಹಿಮ್ಮಡಿ ಮತ್ತೆ ಒಡೆದಿದ್ದವು. ಕಾಕು ಜೇವರ್ಗಿ ಸಂತೆಯಿಂದ ಮೇಣ ತರಿಸಿದ್ದಳು, ಅವರು ಹಚ್ಚಿಸಿಕೊಂಡಿರಲಿಲ್ಲ. ನಾಲ್ಕನೇ ಸಾಲಿನಲ್ಲಿ, ತೊಗರಿಯ ತುದಿಗೆ ಕುಂತ ಒಂದು ಕಾಜಾಣ ನಮ್ಮನ್ನು ಕಂಡು ಗಿರಗಿರ ಅಂತ ಕೂಗಿತು.

ಕಾಕಾ ನಿಂತರು. ಬುಟ್ಟಿ ಕೈಯಲ್ಲೇ ಇತ್ತು, ಒಂದು ಕಾಲು ನೆಲ ಬಿಟ್ಟು ಮೇಲಿತ್ತು. ನಾನು ತಲೆ ಎತ್ತಿ ಹಕ್ಕಿಯ ಕಡೆ ನೋಡಿದೆ.

"ಅದರ ಕಡಿ ಆಮ್ಯಾಗ ನೋಡುವಂತಿ," ಅಂದರು ಕಾಕಾ, ಕಾಲು ಹಾಗೇ ಹಿಡಿದುಕೊಂಡು. "ಮೊದ್ಲ ನೆಲಾ ನೋಡವ್ವ."

ನೋಡಿದೆ. ಬರೀ ಎರೆ ಮಣ್ಣು, ಒಣಗಿದ ತೊಗರಿ ಎಲೆ. ಮತ್ತೊಮ್ಮೆ ನೋಡಿದೆ. ಆಮೇಲೆ ಹೂಂ ಅಂದೆ, ಅವರು ಕಾಲು ಇಟ್ಟರು.